ಆಯೇರಿಗೆ ಬಂದ ಹತ್ತು ಷೇರು

ಜೇವರ್ಗಿಯ ನಮ್ಮ ಓಣಿಯಲ್ಲಿ ಈ ಸಲ ಶ್ರಾವಣಕ್ಕೆ ಸರಿಯಾಗಿ ನೀರಿನ ಪೈಪು ಹಾಕುವ ಕೆಲಸ ಶುರುವಾಯಿತು. ಬಾಗಿಲ ಮುಂದೆಯೇ ತಗ್ಗು ತೆಗೆದರು. ಎರೆಮಣ್ಣು ಮಳೆಗೆ ನೆಂದು ಅಂಟಂಟಾಗಿತ್ತು. ಅಡ್ಡ ಇಟ್ಟ ಹಲಗೆಯ ಮೇಲೆ ಸೀರೆ ಎತ್ತಿ ಹಿಡಿದು ಸರ್ಕಸ್ ಮಾಡುತ್ತ ನಾನು ಶಾಲೆಗೆ ಹೋಗಿ ಬರುತ್ತಿದ್ದೆ. ಕಂತ್ರಾಟುದಾರನಿಗೆ ಮನಸ್ಸಿನಲ್ಲೇ ಬೈಯುತ್ತಿದ್ದೆ. ಪಂಚಮಿಯ ಮುಂಜಾನೆ ಅಡುಗೆಮನೆಯಲ್ಲಿ ಉಂಡಿ ಕಟ್ಟುತ್ತ ಕುಳಿತಾಗ ಹೊರಗಿನಿಂದ ಒಂದು ವಾಸನೆ ಬಂತು. ಗರಗಸದಿಂದ ಪೈಪು ಕೊಯ್ಯುವಾಗ ಉದುರುವ ಪುಡಿಯ ವಾಸನೆ, ಜೋಡಿಸುವ ಅಂಟಿನ ಘಾಟು... ಉಳಿದವರಿಗೆ ಅದು ತಲೆನೋವು ತರುವಂಥದ್ದು, ನನಗೆ ಮಾತ್ರ ತವರುಮನೆಯ ವಾಸನೆ. ಕೈಯಲ್ಲಿದ್ದ ಬೆಲ್ಲದ ಪಾಕ ಆರಿ ಗಟ್ಟಿಯಾಗುವವರೆಗೂ ನಾನು ಸುಮ್ಮನೆ ಕುಳಿತಿದ್ದೆ.

ಅಫಜಲಪುರದಲ್ಲಿ ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಒಂದು ಪೈಪಿನ ಅಂಗಡಿ ಇತ್ತು. ಅದರ ಮಾಲೀಕರನ್ನು ಇಡೀ ಬಜಾರು ಪೈಪಿನ ಚಾಚಾ ಎಂದೇ ಕರೆಯುತ್ತಿತ್ತು. ನಮ್ಮ ಮನೆಯಲ್ಲಿ ಅಪ್ಪ ವಿಭೂತಿ ಹಚ್ಚಿ ಲಿಂಗಪೂಜೆಗೆ ಕೂಡುವ ಹೊತ್ತಿಗೆ ಅವರು ನಮಾಜು ಮುಗಿಸಿ ಬಂದು ಅಂಗಡಿಯ ಶಟರ್ ಎತ್ತುತ್ತಿದ್ದರು. ಅವ್ವ ಅವರಿಗೆ ಅಣ್ಣಾ ಎನ್ನುತ್ತಿದ್ದಳು. ಭೀಮಾ ನದಿಯಿಂದ ಕಬ್ಬಿನ ಹೊಲಕ್ಕೆ ನೀರು ಎತ್ತುವ ಮಣ್ಣೂರಿನ ಕಡೆಯ ರೈತರೆಲ್ಲ ಅವರ ಗಿರಾಕಿಗಳು. ಕೆಂಪಗೆ ಎತ್ತರಕ್ಕಿದ್ದ ಮನುಷ್ಯ, ಮಾತು ಜೋರು. ಪೈಪಿನ ಒಂದು ತುದಿಗೆ ನನ್ನ ಕಿವಿ ಹಚ್ಚಿಸಿ, ಇನ್ನೊಂದು ತುದಿಯಲ್ಲಿ ತಾವು ಕುಳಿತು ಪಿಸುಗುಟ್ಟಿ, ಇದೇ ನೋಡು ನಮ್ಮ ಫೋನು ಎಂದು ನಗಿಸುತ್ತಿದ್ದರು.

ಆ ಪೈಪುಗಳನ್ನು ತಯಾರಿಸುತ್ತಿದ್ದ ಕಂಪನಿ ಯಾವುದೋ ದೂರದ ಊರಿನದು. ಅದು ಮೊದಲ ಸಲ ಜನರಿಗೆ ಷೇರು ಮಾರಿದಾಗ ತನ್ನ ಡೀಲರುಗಳಿಗೂ ಒಂದಿಷ್ಟು ತೆಗೆದಿಟ್ಟಿತ್ತು. ಉಳಿದ ಡೀಲರುಗಳು ಬೆಲೆ ಏರಿದ ಕೂಡಲೇ ಮಾರಿ ಕೈ ತೊಳೆದುಕೊಂಡರು. ಚಾಚಾ ಮಾರಲಿಲ್ಲ. ಮತ್ತಷ್ಟು ಕೊಂಡರು. ಷೇರು ಎನ್ನುವ ಶಬ್ದವನ್ನೇ ಅವರು ಬಳಸುತ್ತಿರಲಿಲ್ಲ, ಹಿಸ್ಸಾ ಎನ್ನುತ್ತಿದ್ದರು. ಗಿರಾಕಿಯ ಮುಂದೆ ಪೈಪನ್ನು ನೆಲಕ್ಕೆ ಬಡಿದು, “ನಮ್ಮ ಫ್ಯಾಕ್ಟರಿ ಮಾಲು, ಘಾಬರಿ ಆಗಬ್ಯಾಡ್ರಿ” ಎನ್ನುವುದು ಅವರ ರೂಢಿ. ಚಹಾ ಕುಡಿಯಲು ಬಂದವರು ಬೇಕಂತಲೇ, ಚಾಚಾ ನಿಮ್ಮ ಫ್ಯಾಕ್ಟರಿ ಹ್ಯಾಂಗ ನಡದದ ಎಂದು ಕೆಣಕುತ್ತಿದ್ದರು. ಅವರು ಮಾತ್ರ ಗಂಭೀರವಾಗಿಯೇ ಈ ವರ್ಷದ ಲಾಭ, ಹೊಸ ಯಂತ್ರ ಎಂದೆಲ್ಲ ವರದಿ ಒಪ್ಪಿಸುತ್ತಿದ್ದರು.

ಅವರಿಗೆ ಇನ್ನೊಂದು ಹುಚ್ಚಿತ್ತು. ಮದುವೆಯ ಆಯೇರಿ ಎಂದರೆ ನಮ್ಮ ಕಡೆ ಸೀರೆ, ಕುಪ್ಪಸದ ಖಣ, ಹೆಚ್ಚೆಂದರೆ ಒಂದು ಸ್ಟೀಲಿನ ಕೊಡ. ಓಣಿಯ ಹೆಣ್ಣುಮಕ್ಕಳ ಮದುವೆಗೆ ಚಾಚಾ ಆಯೇರಿ ಅಂತ ಷೇರು ಕೊಡುತ್ತಿದ್ದರು! ಮದುವೆಗೆ ವಾರವಿರುವಾಗಲೇ ಷೇರು ವರ್ಗಾವಣೆಯ ಅರ್ಜಿ ಹಿಡಿದು ಬರುವರು. ಅರಿಶಿನ ಹಚ್ಚಿಸಿಕೊಂಡು ಕುಳಿತ ಹುಡುಗಿಯ ಕೈಗೆ ಪೆನ್ನು ಕೊಟ್ಟು ಸಹಿ ಹಾಕಿಸುವರು. ನನ್ನ ಅರ್ಜಿಯ ಮೇಲೆ ಅರಿಶಿನದ ಬೆರಳಚ್ಚು ಬಿದ್ದು ಕಂಪನಿಯವರು ಆಮೇಲೆ ಒಮ್ಮೆ ವಾಪಸ್ ಕಳಿಸಿದ್ದರಂತೆ. ಮಂಟಪದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗಿನ ಆ ಅರ್ಜಿಯ ನಕಲನ್ನು ಎಲೆ ಅಡಿಕೆಯ ಜೊತೆ ಇಟ್ಟು ಕೊಟ್ಟಾಗ, ನನ್ನ ಅತ್ತೆ ಅದನ್ನು ಯಾವುದೋ ಕೋರ್ಟಿನ ನೋಟಿಸು ಎಂದು ತಿಳಿದು ಮುಖ ಸಣ್ಣದು ಮಾಡಿಕೊಂಡರು. ನನಗೂ ಒಳಗೊಳಗೇ ಸೀರೆಯೇ ಬೇಕಿತ್ತು, ಸುಳ್ಳು ಯಾಕೆ ಹೇಳಲಿ.

ಅವರ ಲೆಕ್ಕ ತಿಳಿದದ್ದು ಮರುವರ್ಷ. ಆ ಕಂಪನಿ ತನ್ನ ಲಾಭದ ಪಾಲನ್ನು ಸರಿಸುಮಾರು ಶ್ರಾವಣದಲ್ಲಿಯೇ ಹಂಚುತ್ತಿತ್ತು. ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ, ಅಣ್ಣ ತಮ್ಮಂದಿರು ಕರೆಯಲು ಬರುವ ಹಬ್ಬ. ನನಗೆ ಅಣ್ಣ ತಮ್ಮಂದಿರಿಲ್ಲ. ಆ ವರ್ಷ ಅಪ್ಪನಿಗೂ ಮೈಯಲ್ಲಿ ಹುಷಾರಿರಲಿಲ್ಲ, ಕರೆಯಲು ಯಾರೂ ಬರಲಿಲ್ಲ. ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದಾಗ ಅಂಚೆಯವನು ಲಾಭದ ಚೆಕ್ಕು ತಂದುಕೊಟ್ಟ. ಅದರಲ್ಲಿ ಒಂದು ಡಜನ್ ಬಳೆ ಬರುತ್ತಿತ್ತೋ ಇಲ್ಲವೋ... ಅಫಜಲಪುರಕ್ಕೆ ಫೋನು ಮಾಡಿದೆ. ಚಾಚಾ ನಕ್ಕರು.

“ಅಣ್ಣ ಬರ್ಲಿ ಬಿಡ್ಲಿ ಬೇಟಿ, ಇದು ವರ್ಷಾ ವರ್ಷಾ ಬರ್ತದ. ಸೀರಿ ಹರದು ಹೋಗ್ತದ, ಹಿಸ್ಸಾ ಹರಿಯಂಗಿಲ್ಲ.”

ಅಂದಿನಿಂದ ನನಗೆ ಆ ಹತ್ತು ಷೇರುಗಳ ಮೇಲೆ ವಿಪರೀತ ಪ್ರೀತಿ ಬಂತು. ಮುಂದೆ ಕಾಗದ ಹೋಗಿ ಎಲ್ಲವೂ ಡಿಮ್ಯಾಟ್ ಖಾತೆಗೆ ಬಂತು, ಚೆಕ್ಕು ಹೋಗಿ ಬ್ಯಾಂಕಿನ ಮೆಸೇಜು ಬಂತು. ಆದರೂ ಶ್ರಾವಣದ ಆ ಚಿಲ್ಲರೆ ದುಡ್ಡು ತಪ್ಪಲಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ತಾಲೂಕುಗಳಲ್ಲಿ ಚದುರಿದ್ದ ನಮ್ಮ ಓಣಿಯ ಹೆಣ್ಣುಮಕ್ಕಳಿಗೆಲ್ಲ ಅದು ತವರಿನ ಕರೆಯಾಗಿತ್ತು.

ಕೆಲವು ವರ್ಷಗಳ ಹಿಂದೆ ಆ ಕಂಪನಿಯ ಮೇಲೆ ದೊಡ್ಡವರ ಕಣ್ಣು ಬಿತ್ತು. ದೊಡ್ಡವರೆಂದರೆ ಮ್ಯೂಚುವಲ್ ಫಂಡುಗಳು, ವಿಮೆಯವರು, ಲಕ್ಷಾಂತರ ಜನರ ದುಡ್ಡು ಒಟ್ಟುಗೂಡಿಸಿ ಷೇರು ಕೊಳ್ಳುವ ಸಂಸ್ಥೆಗಳು. ಬಜಾರಿನಲ್ಲಿ ಓಡಾಡುತ್ತಿದ್ದ ಷೇರುಗಳೇ ಕಡಿಮೆ, ಅವರು ಕೊಳ್ಳುತ್ತ ಹೋದಂತೆ ಬೆಲೆ ಜಿಗಿಯಿತು. ಚಾಚಾ ಹಿಗ್ಗಿ ಹೀರೆಕಾಯಿಯಾದರು. ತೊಗರಿ ಮಾರುಕಟ್ಟೆ ನೋಡಿ ಬೆಳೆದ ಮನುಷ್ಯ ಅವರು. ಅಡತಿ ಅಂಗಡಿಯಲ್ಲಿ ತೊಗರಿ ಕೊಂಡ ದೊಡ್ಡ ಖರೀದಿದಾರ ಅದನ್ನು ಮಿಲ್ಲಿಗೆ ಒಯ್ದು ಬೇಳೆ ಮಾಡುತ್ತಾನೆಯೇ ಹೊರತು, ಮರುವಾರ ಅದೇ ಅಂಗಡಿಗೆ ತಂದು ಸುರಿಯುವುದಿಲ್ಲ. ಅದೇ ಲೆಕ್ಕವನ್ನು ಚಾಚಾ ಇಲ್ಲಿಗೂ ಹಚ್ಚಿದರು. ಕೊಂಡವರು ಕೊಂಡರು, ಇನ್ನು ಅವರು ನಮ್ಮ ಬೀಗರು ಎಂದು ನಂಬಿಬಿಟ್ಟರು. ನಾನು ಗಣಿತದ ಮಾಸ್ತರಣಿ, ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಆ ಬೀಗರು ಒಮ್ಮೆ ಬೀಗತನವನ್ನೂ ತೋರಿಸಿದರು. ಕಂಪನಿಯ ಮೂಲ ಮಾಲೀಕರು ಫ್ಯಾಕ್ಟರಿಯ ಪಕ್ಕದ ಜಮೀನನ್ನು ತಮ್ಮ ಸಂಬಂಧಿಕರ ಇನ್ನೊಂದು ಕಂಪನಿಗೆ ಅಗ್ಗಕ್ಕೆ ಕೊಡಲು ಹೊರಟಿದ್ದರು. ಅದಕ್ಕೆ ಹೊರಗಿನ ಷೇರುದಾರರ ಒಪ್ಪಿಗೆ ಬೇಕಿತ್ತು. ಚಾಚಾ ಮತ್ತು ನಮ್ಮಂಥವರು ಎಷ್ಟು ಬೇಡ ಅಂದರೂ ಅದು ಸಂತೆಯಲ್ಲಿ ಕೂಗಿದಂತೆ. ಆದರೆ ಆ ಸಲ ಫಂಡಿನವರೂ ಬೇಡ ಎಂದರು, ಠರಾವು ಬಿದ್ದುಹೋಯಿತು. ಚಾಚಾ ಅಂಗಡಿಯಲ್ಲಿ ಪೇಢೆ ಹಂಚಿದರು. ನನಗೆ ಫೋನಿನಲ್ಲಿ, “ನೋಡಿದಿ, ಬೀಗರು ಜಬರದಸ್ತ ಅದಾರ. ಇನ್ನ ನಮ್ಮ ಹಿಸ್ಸಾಕ್ಕ ಯಾರೂ ಕೈ ಹಚ್ಚಂಗಿಲ್ಲ” ಎಂದರು.

ಒಂದೇ ಒಂದು ಸಲ ಅವರಿಗೆ ಅನುಮಾನ ಬಂದಿತ್ತು. ಯಾವ ಕಾರಣವೂ ಇಲ್ಲದೆ ಒಂದು ವಾರ ಷೇರಿನ ಬೆಲೆ ಕುಸಿಯಿತು. ಪೈಪು ಒಡೆದಿಲ್ಲ, ಫ್ಯಾಕ್ಟರಿ ಸುಟ್ಟಿಲ್ಲ, ಬೇಡಿಕೆಗೆ ಮಾಲೇ ಸಾಲುತ್ತಿಲ್ಲ, ಭಾವ ಯಾಕೆ ಬಿತ್ತು ಎಂದು ಕಂಡಕಂಡವರನ್ನು ಕೇಳಿದರು. ಆಮೇಲೆ ತಿಳಿದದ್ದೇನೆಂದರೆ, ಒಂದು ಫಂಡಿಗೆ ದುಡ್ಡು ಹಾಕಿದವರು ವಾಪಸ್ ಕೇಳಿದ್ದರು. ಅವರಿಗೆ ಕೊಡಲು ಫಂಡು ತನ್ನ ಬಳಿ ಇದ್ದದ್ದನ್ನು ಮಾರಿತ್ತು. ಅಷ್ಟೇ. ಯಾರದೋ ಮನೆಯ ಗಡಿಬಿಡಿಗೆ ನಮ್ಮ ಹಿಸ್ಸೆಯ ಬೆಲೆ ಬಿದ್ದಿತ್ತು. ಚಾಚಾ ಬಹಳ ಹೊತ್ತು ಗಡ್ಡ ನೀವಿಕೊಂಡು, ಬೀಗರಿಗೂ ಅಡಚಣೆ ಇರ್ತಾವ ಎಂದು ತಾವೇ ಸಮಾಧಾನ ಹೇಳಿಕೊಂಡರು.

ಆಮೇಲೆ ಆ ಸುದ್ದಿ ಬಂತು. ಮೂಲ ಮಾಲೀಕರು ಹೊರಗಿನವರ ಷೇರುಗಳನ್ನೆಲ್ಲ ತಾವೇ ಕೊಂಡು, ಕಂಪನಿಯನ್ನು ಷೇರುಪೇಟೆಯಿಂದಲೇ ಹೊರಗೆ ತೆಗೆಯಲು ತೀರ್ಮಾನಿಸಿದ್ದರು. ಅವರು ಹೇಳಿದ ಬೆಲೆ ಆಗಿನ ಮಾರುಕಟ್ಟೆಗಿಂತ ಚೆನ್ನಾಗಿಯೇ ಇತ್ತು. ಆದರೆ ಹೊರಗಿನ ಷೇರುದಾರರಲ್ಲಿ ಬೇಡ ಎನ್ನುವ ಓಟಿನ ಎರಡು ಪಟ್ಟಾದರೂ ಆಗಲಿ ಎನ್ನುವ ಓಟು ಬೀಳಬೇಕಿತ್ತು. ಓಟು ಮನುಷ್ಯರಿಗಲ್ಲ, ಷೇರಿಗೊಂದು. ಮೊಬೈಲಿನಲ್ಲಿಯೇ ಒತ್ತುವ ಓಟು.

ಚಾಚಾ ಕಂಗಾಲಾಗಿಬಿಟ್ಟರು. ಅವರ ಸಂಕಟ ಬೆಲೆಯದಲ್ಲ. ಹೆಣ್ಣುಮಕ್ಕಳಿಗೆ ಕೊಟ್ಟ ಆಯೇರಿಯನ್ನು ಯಾರೋ ಬಂದು ವಾಪಸ್ ಇಸಿದುಕೊಳ್ಳುವುದು ಅವರಿಗೆ ನುಂಗಲಾರದ ತುತ್ತಾಗಿತ್ತು. ಪಂಚಮಿಯ ಕರೆ ನಿಂತುಹೋಗುತ್ತದಲ್ಲ... ಅವರು ಒಬ್ಬೊಬ್ಬ ಹುಡುಗಿಯ ಮನೆಗೂ ಹೋಗಿ ಬೇಡ ಎಂದು ಓಟು ಹಾಕಿಸಲು ಹೊರಟರು. ರಜೆಯ ದಿನಗಳಲ್ಲಿ ನಾನೂ ಜೊತೆಗೆ ಹೋದೆ. ಆಳಂದದಿಂದ ಜಿಡಗಾಕ್ಕೆ ಹೋಗುವ ಬಸ್ಸಿನಲ್ಲಿ ಮಠಕ್ಕೆ ಹೊರಟ ಭಕ್ತರ ನಡುವೆ ಟೊಪ್ಪಿಗೆ ಹಾಕಿದ ಚಾಚಾ, ಕೈಯಲ್ಲಿ ಬಾಳೆಹಣ್ಣಿನ ಚೀಲ. ಜಿಡಗಾದ ಹುಡುಗಿ ಹೊಲಿಗೆ ಯಂತ್ರದಿಂದ ಎದ್ದು ಬಂದು ಚಾಚಾ ಹೇಳಿದಲ್ಲಿ ಒತ್ತಿ ಮುಗಿಸಿದಳು. ಯಾಕೆ ಎಂದು ಕೇಳಲಿಲ್ಲ, ಊಟ ಮಾಡದೆ ಬಿಡಲೂ ಇಲ್ಲ.

ಯಡ್ರಾಮಿಯಲ್ಲಿ ಮಾತ್ರ ಫಜೀತಿಯಾಯಿತು. ಓಟು ಹಾಕಲು ಬೇಕಾದ ಓಟಿಪಿ ಹೋಗುತ್ತಿದ್ದದ್ದು ಆ ಹುಡುಗಿಯ ಗಂಡನ ಹಳೆಯ ನಂಬರಿಗೆ. ಆ ಸಿಮ್ಮು ಈಗ ಅವಳ ಮಾವನ ಮೊಬೈಲಿನಲ್ಲಿತ್ತು, ಮಾವ ಹೊಲದಲ್ಲಿದ್ದ. ಕೊನೆಗೆ ಗದ್ದಲದ ನಡುವೆ ಫೋನಿನಲ್ಲಿ ಅಂಕಿಗಳನ್ನು ಕೂಗಿಸಿಕೊಂಡು, ಎರಡು ಸಲ ತಪ್ಪು ಒತ್ತಿ, ಮೂರನೆಯ ಸಲಕ್ಕೆ ಓಟು ಬಿತ್ತು. ಹುಡುಗಿ ಬೆವರು ಒರೆಸಿಕೊಂಡು, “ಚಾಚಾ, ಎಮ್ಮೆಲ್ಲೆ ಎಲೆಕ್ಷನ್ನಿಗೂ ನಾವು ಇಷ್ಟ ಬಡದಾಡಿಲ್ಲರಿ” ಎಂದಳು. ಚಾಚಾ ಗೆದ್ದೇಬಿಟ್ಟವರಂತೆ ನಕ್ಕರು. ಬಸ್ಸಿನಲ್ಲಿ ಮರಳುವಾಗ ನಾನು ಮೆಲ್ಲಗೆ, ನಮ್ಮದೆಲ್ಲ ಸೇರಿಸಿದರೂ ಒಂದು ಚಿಟಿಕೆಯಾಗುವುದಿಲ್ಲ ಚಾಚಾ ಎಂದೆ.

“ನಾವು ಚಿಟಿಕೆ ಖರೆ. ಬೀಗರು ಅದಾರಲ್ಲ, ಅವರು ಬಿಡಂಗಿಲ್ಲ ತಗೊ. ಜಮೀನಿನ ತಕ್ರಾರಿನಾಗ ನಿಂತಿಲ್ಲೇನು?”

ಬೀಗರು ನಿಲ್ಲಲಿಲ್ಲ. ಫಂಡಿನವರೆಲ್ಲ ಆಗಲಿ ಎಂದು ಓಟು ಹಾಕಿದರು, ತಮ್ಮ ಷೇರುಗಳನ್ನು ಒಪ್ಪಿಸಿ ದುಡ್ಡು ಎಣಿಸಿಕೊಂಡು ನಡೆದರು. ಅವರು ಕೊಟ್ಟ ಮೇಲೆ ಮಾಲೀಕರಿಗೆ ಬೇಕಾದಷ್ಟೂ ಸಿಕ್ಕಿಬಿಟ್ಟಿತು, ಉಳಿದ ನಾವು ಕೊಟ್ಟರೂ ನಡೆಯುತ್ತಿತ್ತು, ಬಿಟ್ಟರೂ ನಡೆಯುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು. ಯಾವ ಫಂಡು ಹೇಗೆ ಓಟು ಹಾಕಿತು ಎಂಬುದನ್ನು ಅವರೇ ಬಹಿರಂಗ ಮಾಡಬೇಕಂತೆ. ಹಲ್ಲು ಕಡಿಯುತ್ತ ಹುಡುಕಿದೆ. ಮೊದಲ ಹೆಸರೇ ನನ್ನ ಕಣ್ಣಿಗೆ ರಾಚಿತು. ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿಕೊಂಡರೆಂದು ನಾನೂ ಸೇರಿಕೊಂಡು, ಪ್ರತಿ ತಿಂಗಳ ಸಂಬಳದಿಂದ ಎಸ್‌ಐಪಿ ಕಟ್ಟುತ್ತಿದ್ದ ಫಂಡು ಅದು. ಚಾಚಾ ಕೊಟ್ಟ ನನ್ನ ಹತ್ತು ಷೇರುಗಳು ಬೇಡ ಎಂದಿದ್ದವು, ನನ್ನದೇ ಸಂಬಳದ ದುಡ್ಡು ದೊಡ್ಡವರ ರಾಶಿಯಲ್ಲಿ ಸೇರಿಕೊಂಡು ಆಗಲಿ ಎಂದಿತ್ತು.

ಬೈಯಬೇಕೆಂದರೆ ಯಾರನ್ನು ಬೈಯಲಿ? ಅವರು ಮೋಸ ಮಾಡಿರಲಿಲ್ಲ. ನನ್ನಂಥ ಸಾವಿರಾರು ಮಾಸ್ತರಣಿಯರ ದುಡ್ಡು ಬೆಳೆಸುವುದೇ ಅವರ ಕೆಲಸ. ಒಳ್ಳೆಯ ಬೆಲೆ ಬಂದಾಗ ಮಾರದಿದ್ದರೆ ನಾವೇ ಅವರನ್ನು ಬೈಯುತ್ತಿದ್ದೆವು. ಜಮೀನಿನ ಠರಾವು ಬೀಳಿಸಿದ್ದೂ ಅದೇ ಕಾರಣಕ್ಕೆ, ನಮ್ಮ ಮೇಲಿನ ಪ್ರೀತಿಗಲ್ಲ. ನಮ್ಮ ದಾರಿಯೂ ಅವರ ದಾರಿಯೂ ಅಲ್ಲಿಯವರೆಗೆ ಒಂದೇ ಆಗಿತ್ತು, ಅಷ್ಟೇ. ಇಷ್ಟು ಸರಳವಾದದ್ದು ನನಗೂ ಹೊಳೆದಿರಲಿಲ್ಲ.

ಮುಂದಿನ ರವಿವಾರ ಅಫಜಲಪುರಕ್ಕೆ ಹೋಗಿ ಚಾಚಾಗೆ ಎಲ್ಲವನ್ನೂ ಹೇಳಿದೆ. ಅವರು ಅಂಗಡಿಯಲ್ಲಿ ಪೈಪಿನ ತುಂಡೊಂದನ್ನು ಮೊಣಕಾಲ ಮೇಲೆ ಉರುಳಿಸುತ್ತ ಕುಳಿತಿದ್ದರು. ಅವರು ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ.

“ಹಂಗಾದ್ರ ಅವರೂ ನಾವಽ ಅಂದಂಗಾತು... ನಾ ಯಾರ್ನ ಬೈಲಿ ಬೇಟಿ?”

ಆ ದಿನದ ಅವರ ಮುಖ ನನಗೆ ಮರೆಯಲಾಗುವುದಿಲ್ಲ. ಅದರಲ್ಲಿ ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ಪೇಟೆಯಿಂದ ಹೊರಗೆ ಹೋದರೂ ಮುಂದಿನ ಒಂದು ವರ್ಷದ ತನಕ ಉಳಿದವರು ಅದೇ ಬೆಲೆಗೆ ಮಾಲೀಕರಿಗೆ ಷೇರು ಕೊಡಬಹುದಿತ್ತು. ಆ ಗಡುವು ಮುಗಿದರೆ ಆ ಷೇರುಗಳನ್ನು ಕೇಳುವವರೇ ಇರುವುದಿಲ್ಲ. ಇದು ತಿಳಿದ ಮೇಲೆ ಚಾಚಾ ಮತ್ತೆ ಅದೇ ಬಸ್ಸು ಹತ್ತಿದರು, ಅದೇ ಮನೆಗಳಿಗೆ. ಈ ಸಲ ಮಾರಿಬಿಡ್ರವ್ವಾ ಎಂದು ಹೇಳಲು. ಮಂಡಿನೋವಿತ್ತು, ಕೋಲು ಹಿಡಿದಿದ್ದರು. ಕೊನೆಗೆ ಯಡ್ರಾಮಿಯಿಂದ ನೇರ ನಮ್ಮ ಮನೆಗೆ ಬಂದರು. ಯಡ್ರಾಮಿಯ ಹುಡುಗಿ ಯಾರೂ ಹೇಳುವ ಮುಂಚೆಯೇ ಮಾರಿ, ಇನ್ನಷ್ಟು ಕೂಡಿಸಿ ಫ್ರಿಜ್ಜು ತಂದಿದ್ದಳಂತೆ. ಅದರೊಳಗಿನ ಶರಬತ್ತನ್ನೇ ಚಾಚಾಗೆ ಕುಡಿಯಲು ಕೊಟ್ಟಿದ್ದಳು.

“ನಮ್ಮ ಫ್ಯಾಕ್ಟರಿ ಶರಬತ್ತು, ಭಾಳ ತಂಪಿತ್ತು” ಎಂದು ಹೇಳಿ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು. ಬಿಸಿಲಿನಲ್ಲಿ ಬಂದದ್ದಕ್ಕೆ ಎಂದು ತಾವೇ ಕಾರಣ ಹೇಳಿದರು.

ನಾನು ಮಾರುವುದಿಲ್ಲ ಎಂದೆ. ಅವರು ರೇಗಿದರು.

“ಹುಚ್ಚಿ ಅದಿ ಬೇ ನೀ! ಹಟ ನಂದು, ಲುಕಸಾನ ನಿಮಗ್ಯಾಕ ಆಗಬೇಕು? ಶಾಣ್ಯಾಕಿ ಆಗು, ಕೊಟ್ಟಬಿಡು.”

“ಆಯೇರಿ ಯಾರಾದ್ರೂ ಮಾರ್ತಾರೇನ್ರಿ ಚಾಚಾ?” ಎಂದೆ.

ಅವರು ಚಹಾ ಕುಡಿದು, ಕೋಲು ಊರುತ್ತ ಬಸ್‌ಸ್ಟ್ಯಾಂಡಿಗೆ ನಡೆದರು. ಬಸ್ಸು ಹೊರಡುವಾಗ ಕಿಟಕಿಯಿಂದ ಕೈ ಹೊರಗೆ ಚಾಚಿ ಮತ್ತೊಮ್ಮೆ ಕೊಟ್ಟಬಿಡು ಎಂದು ಸನ್ನೆ ಮಾಡಿದರು. ನಾನು ತಲೆಯಾಡಿಸಿ ಒಲ್ಲೆ ಎಂದೆ. ಅದೇ ಕಡೆಯ ಸಲ ನಾನು ಅವರನ್ನು ನೋಡಿದ್ದು...

ಗಡುವು ಮುಗಿದು ಕೆಲವು ತಿಂಗಳಿಗೆ ಅವರು ಹೋದರು. ಸುದ್ದಿ ತಿಳಿದು ಅಫಜಲಪುರಕ್ಕೆ ಹೋದಾಗ ಚಾಚಿ ಒಳಮನೆಯಲ್ಲಿ ಹೆಂಗಸರ ನಡುವೆ ಕುಳಿತಿದ್ದರು. ನನ್ನನ್ನು ಹತ್ತಿರ ಕರೆದು ಕೈ ಹಿಡಿದುಕೊಂಡರು. ಏನೋ ಒಂದು ಕೇಳಬೇಕೆಂದು, ಚಾಚಾ ತಮ್ಮ ಹಿಸ್ಸೆ ಕೊಟ್ಟರೇನು ಎಂದು ಕೇಳಿಬಿಟ್ಟೆ. ಆ ಹೊತ್ತಿನಲ್ಲಿ ಕೇಳುವ ಮಾತೇ ಅಲ್ಲ ಅದು. ಚಾಚಿ ತಪ್ಪು ತಿಳಿಯಲಿಲ್ಲ.

“ಇಲ್ಲವ್ವ. ಕಾಗದ ತಯಾರ ಮಾಡಿ ಇಟ್ಟಿದ್ರು. ನಿಮ್ಮ ಮನಿಯಿಂದ ಬಂದು ಎಲ್ಲಾ ಹರದ ಹಾಕಿದ್ರು. ಜೇವರ್ಗಿ ಹುಡುಗಿ ಒಲ್ಲೆ ಅಂತಾಳ, ಆಕಿ ಒಬ್ಬಾಕಿನ್ನ ಬಿಟ್ಟು ನಾ ಹ್ಯಾಂಗ ಹೊರಗ ಬರ್ಲಿ ಅಂದ್ರು.”

ಅಲ್ಲಿಯವರೆಗೆ ತಡೆದಿದ್ದ ಅಳು ಅಲ್ಲಿ ಒಡೆಯಿತು. ದೊಡ್ಡವರೆಲ್ಲ ಒಳ್ಳೆಯ ಬೆಲೆ ನೋಡಿ ಎದ್ದು ಹೋದ ಮನೆಯಲ್ಲಿ, ನನ್ನ ಹತ್ತು ಷೇರುಗಳಿಗೆ ಜೊತೆ ಇರಲೆಂದು ಅವರು ತಮ್ಮದೆಲ್ಲವನ್ನೂ ಉಳಿಸಿಕೊಂಡು ಕುಳಿತಿದ್ದರು. ನಾನು ಹಟ ಮಾಡಿದ್ದು ಅವರಿಗಾಗಿ ಎಂದುಕೊಂಡಿದ್ದೆ. ಅವರ ಮಕ್ಕಳು ಆಮೇಲೆ ಆ ಷೇರುಗಳನ್ನು ಏನು ಮಾಡಿದರೋ ನಾನು ಕೇಳಲಿಲ್ಲ, ಕೇಳುವ ಧೈರ್ಯವಾಗಲಿಲ್ಲ.

ಪೇಟೆಯಿಂದ ಹೊರಬಿದ್ದ ಮೇಲೆ ಕಂಪನಿ ಲಾಭದ ಪಾಲು ಹಂಚುವುದನ್ನು ನಿಲ್ಲಿಸಿದೆ. ಅದು ಗೊತ್ತಿದ್ದೂ ಶ್ರಾವಣ ಬಂತೆಂದರೆ ಕೈ ಮೊಬೈಲಿನ ಕಡೆ ಹೋಗುತ್ತದೆ. ಈ ಪಂಚಮಿಯ ಮುಂಜಾನೆಯೂ ಬೆಲ್ಲದ ಕೈ ತೊಳೆದುಕೊಂಡು ನೋಡಿದೆ. ಬ್ಯಾಂಕಿನಿಂದ ಒಂದು ಮೆಸೇಜು ಬಂದಿತ್ತು, ದುಡ್ಡು ಬಂದದ್ದಕ್ಕಲ್ಲ. ಎಸ್‌ಐಪಿಯ ಕಂತು ಕಡಿತವಾಗಿತ್ತು. ಅದನ್ನು ನಾನು ನಿಲ್ಲಿಸಿಲ್ಲ. ಮಗಳ ಓದಿಗೆ ಬೇಕು.

ಒಂದು ತಾಟಿನಲ್ಲಿ ಉಂಡಿ ಹಾಕಿಕೊಂಡು ಹೊರಗೆ ಬಂದು ಕೆಲಸದವರಿಗೆ ಕೊಟ್ಟೆ. ಪೈಪನ್ನು ತಗ್ಗಿಗೆ ಇಳಿಸುತ್ತಿದ್ದರು. ಅದರ ಮೇಲೆ ಅಚ್ಚಾಗಿದ್ದ ಹೆಸರು ಓದಿದೆ, ಅದೇ ಕಂಪನಿಯದು. ಬಾಗಿ ಅದನ್ನು ಒಮ್ಮೆ ಮುಟ್ಟಿದೆ, ಬಾಯಿಂದ ತಾನಾಗಿಯೇ ಮಾತು ಹೊರಟಿತು.

“ಘಾಬರಿ ಆಗಬ್ಯಾಡ್ರಿ, ನಮ್ಮ ಫ್ಯಾಕ್ಟರಿ ಮಾಲು.”

ಕೆಲಸದವರಲ್ಲಿ ಹಿರಿಯನೊಬ್ಬ ಉಂಡಿ ಬಾಯಿಗೆ ಹಾಕಿಕೊಳ್ಳುವವನು ಹಾಗೆಯೇ ನಿಂತು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದ. “ನಿಮ್ಮ ಫ್ಯಾಕ್ಟರಿ ಏನ್ರಿ ಮೇಡಮ್ಮರ?” ಎಂದ. ಉಳಿದವರು ನಕ್ಕರು.

“ಹೌದ್ರಿ, ನಮ್ಮದೇ” ಎಂದೆ. ಯಾರೂ ನಂಬಲಿಲ್ಲ. ಚಾಚಾ ಇದ್ದಿದ್ದರೆ ಹೌದೆನ್ನಲು ಇಬ್ಬರಿರುತ್ತಿದ್ದೆವು.